ಹೆಸರು ಓದುವ ಭಾನುವಾರ

ನವೆಂಬರಿನ ಮೊದಲ ಭಾನುವಾರ ಜಪಾನಿನ ಕರಾವಳಿಯ ನಮ್ಮ ಊರಿನ ಚರ್ಚಿನಲ್ಲಿ ತೀರಿಹೋದವರ ಹೆಸರು ಓದುತ್ತಾರೆ. ಪೀಠದ ಮುಂದೆ ಉದ್ದನೆಯ ಮೇಜಿಟ್ಟು, ಬಿಳಿ ಬಟ್ಟೆ ಹಾಸಿ, ಸತ್ತವರ ಫೋಟೋಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಒಂದೊಂದು ಹೆಸರು ಓದಿದಾಗಲೂ ಆ ಮನೆಯವರು ಎದ್ದು ನಿಲ್ಲಬೇಕು. ಚರ್ಚಿನ ಹೊಸ್ತಿಲನ್ನೇ ತುಳಿಯದ ಗಂಡಂದಿರು, ಸೊಸೆಯಂದಿರು, ಮೊಮ್ಮಕ್ಕಳು ಕೂಡ ಆ ಒಂದು ದಿನ ಕಪ್ಪು ಬಟ್ಟೆ ತೊಟ್ಟು ಬರುತ್ತಾರೆ. ಹಾಡು ಬರದೆ ಸುಮ್ಮನೆ ಪುಟ ತಿರುವುತ್ತಾರೆ.

ಆ ವರ್ಷ ನನ್ನ ಅಮ್ಮನಿಗೆ ಒಂದು ಹೆಸರು ಓದಿಸಬೇಕಿತ್ತು. ಆದರೆ ಆ ಹೆಸರೇ ಇರಲಿಲ್ಲ.

ಎರಡು ವಾರ ಮೊದಲು, ಆರಾಧನೆ ಮುಗಿದು ಎಲ್ಲರೂ ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಆ ಮಾತು ಬಂತು. ಸಭೆಯ ಹಿರಿಯ ನಾರುಸೆ, ನಿವೃತ್ತ ಹೆಡ್‌ಮಾಸ್ಟರು, ಯಾರ ಯಾರ ಹೆಸರು ಓದಬೇಕೆಂದು ವಿಚಾರಿಸುತ್ತಿದ್ದರು. ನಾನು ನಿಗಾಟಾ ನಗರದ ಕಾಲೇಜಿನಲ್ಲಿ ಪಾಠ ಮಾಡುವವಳು. ನಮ್ಮ ಮೀನಿನಂಗಡಿಗೆ ಕೆಲಸ ಹೆಚ್ಚುವ ಸಾಲ್ಮನ್ ಕಾಲದಲ್ಲಿ ವಾರದ ಕೊನೆಗೆ ಊರಿಗೆ ಬರುತ್ತೇನೆ. ಆ ದಿನ ಅಮ್ಮನನ್ನು ಕಾರಿನಲ್ಲಿ ಕರೆದೊಯ್ಯಲು ಬಂದು ಬಾಗಿಲಲ್ಲೇ ನಿಂತಿದ್ದೆ.

"ಇನ್ಯಾರ್ದಾದ್ರೂ ಬಿಟ್ಟುಹೋಗಿದ್ಯಾ?" ಎಂದರು ನಾರುಸೆ.

ಅಮ್ಮ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದಳು. "ನಮ್ಮನೇದು ಒಂದಿದೆ."

"ನಿಮ್ಮತ್ತೆಯೋರ್ದಾ, ಮಿನೆಕೊ-ಸಾನ್? ಅವರು ಬೌದ್ಧರು. ಆದ್ರೂ ಪರವಾಗಿಲ್ಲ, ಮನೆಯೋರು ಕೇಳಿದ್ರೆ ಓದ್ತೀವಿ."

"ಅತ್ತೇದಲ್ಲ. ಅವರ ಹೆಸರು ಓದಿದ್ರೆ ನಾನು ಏಳೋದೂ ಇಲ್ಲ. ನನ್ನ ಮೊದಲನೇ ಮಗೂದು. ಹುಟ್ಟಿಲ್ಲ. ತೆಗೆಸಿದ್ದು."

ಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಿದ್ದವರು ಬಿಚ್ಚುವುದನ್ನು ನಿಲ್ಲಿಸಿದರು. ನಮ್ಮ ಊರಿನಲ್ಲಿ ಇಂಥ ಮೌನಕ್ಕೆ ಒಂದು ಶಿಸ್ತಿದೆ. ಯಾರೂ ಮುಖ ಸಿಂಡರಿಸುವುದಿಲ್ಲ, ಯಾರೂ ಎದ್ದು ಹೋಗುವುದಿಲ್ಲ. ಹೇಳಿದವರೇ ತಮ್ಮ ಮಾತನ್ನು ಎತ್ತಿಕೊಂಡು ಹೋಗಲಿ ಎಂದು ಎಲ್ಲರೂ ಕಾಯುತ್ತಾರೆ. ಅಮ್ಮ ಎತ್ತಿಕೊಳ್ಳಲಿಲ್ಲ.

ನಾರುಸೆ ಲೋಟ ಕೆಳಗಿಟ್ಟರು. "ನೋಡಿ, ಇಲ್ಲಿ ಓದೋದು ದೇವರು ತನ್ನ ಹತ್ರ ಕರ್ಕೊಂಡೋರ ಹೆಸರು..."

"ಇದನ್ನ ದೇವರು ಕರ್ಕೊಳ್ಳಿಲ್ಲ. ನಾವೇ ಕಳಿಸಿದ್ವಿ. ಅದಕ್ಕೇ ಓದ್ಬೇಕು ಅಂತಿರೋದು."

"ಫೋಟೋನೂ ಇಲ್ಲ, ಹೆಸರೂ ಇಲ್ಲ ಅಂದ್ರೆ ಏನಂತ ಓದೋದು? ಬೇರೆ ಹೆಂಗಸರಿಗೂ ಮುಜುಗರ."

"ಯಾವ ಹೆಂಗಸರಿಗೆ?" ಅಮ್ಮ ಸುತ್ತ ನೋಡಿದಳು. ಇಬ್ಬರು ಮುದುಕಿಯರು ತಮ್ಮ ಲೋಟದೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ಬಗ್ಗಿ ನೋಡುತ್ತಿದ್ದರು. "ಹೇಳಿ ನಾರುಸೆ-ಸಾನ್, ಯಾರಿಗೆ ಮುಜುಗರ? ನಿಮಗೇ ಆಗಿದ್ರೆ ನಿಮಗೆ ಅಂತ ಹೇಳಿ. ಹೆಂಗಸರ ಬೆನ್ನ ಹಿಂದೆ ಯಾಕೆ ಅವಿತ್ಕೋತೀರ?"

ಮೂಲೆಯಲ್ಲಿದ್ದ ಪಾದ್ರಿ ಕುಸಾಕಾ ಮೂಗು ಒರೆಸಿಕೊಂಡರು. ಚಳಿ ಶುರುವಾದರೆ ಸಾಕು, ಅವರಿಗೆ ನೆಗಡಿ. "ಓದೋಣ," ಎಂದರು ಅಷ್ಟೆ. "ಶನಿವಾರದೊಳಗೆ ಹೆಸರು ಕೊಡಿ, ಮಿನೆಕೊ-ಸಾನ್."

ಕಾರಿನ ತನಕ ಪಾದ್ರಿಗಳೂ ಬಂದರು. ಮೆಲ್ಲಗೆ, "ಹೆಸರು ನೀವೇ ಇಡ್ಬೋದು. ಯಾವುದಾದ್ರೂ ಸರಿ. ದೇವರಿಗೆ ಆ ಮಗು ಗೊತ್ತು," ಎಂದರು.

"ನಾನೊಬ್ಬಳೇ ಇಡಲ್ಲ, ಸೆನ್ಸೇ." ಪಾದ್ರಿಗಳನ್ನೂ ನಾವು ಮೇಷ್ಟರ ಹಾಗೆ ಸೆನ್ಸೇ ಎಂದೇ ಕರೆಯುವುದು. ಅಮ್ಮ ಕಾರಿನ ಬಾಗಿಲನ್ನು ಹಿಡಿದಿದ್ದ ರೀತಿ ನೋಡಿ ಅದು ಕಿತ್ತು ಬರುತ್ತದೆ ಎನಿಸಿತು. "ಅವತ್ತು ಆ ಡಾಕ್ಟರ್ ಮೇಜಿನ ಮೇಲೆ ನಾನೊಬ್ಬಳೇ ಮಲಗಿದ್ದೆ. ಇದನ್ನೂ ಒಬ್ಬಳೇ ಮಾಡ್ಲಾ? ಆಗಲ್ಲ. ಆ ಮನುಷ್ಯನೇ ಇಡ್ಬೇಕು."

ಆ ಮನುಷ್ಯ ಎಂದರೆ ನನ್ನ ಅಪ್ಪ, ತೊಕುಜಿ. ನಮ್ಮ ಮನೆಯಲ್ಲಿ ಮಕ್ಕಳಿಗೆ ಹೆಸರಿಡುವುದು ಅಪ್ಪಂದಿರು. ನನಗೆ ಶಿಹೊ ಎಂದು ಇಟ್ಟವನೂ ಅವನೇ.

ಆಗಿದ್ದು ಇಷ್ಟು. ನಾನು ಹುಟ್ಟುವ ಮೂರು ವರ್ಷ ಮುಂಚೆ, ಸಾಲ್ಮನ್ ಮೀನು ನದಿ ಏರುವ ಕಾಲದಲ್ಲಿ, ಅಮ್ಮ ಬಸುರಿಯಾದಳು. ತಾತ ಪಾರ್ಶ್ವವಾಯುವಾಗಿ ಮಲಗಿದ್ದ. ಅಂಗಡಿಗೆ ವರ್ಷದ ಕೆಲಸವೆಲ್ಲ ಆ ಎರಡು ತಿಂಗಳಲ್ಲೇ. ಹೆಣ್ಣು ಮೀನಿನ ಹೊಟ್ಟೆಯಿಂದ ಮೊಟ್ಟೆಯ ಗೊಂಚಲು ತೆಗೆದು, ಬೆಚ್ಚನೆಯ ನೀರಿನಲ್ಲಿ ಪೊರೆ ಬಿಡಿಸಿ, ಒಂದೂ ಒಡೆಯದ ಹಾಗೆ ಬೇರ್ಪಡಿಸುವ ಕೈ ಮನೆಯಲ್ಲಿ ಅಮ್ಮನದೊಂದೇ. ಬಸುರಿನ ವಾಕರಿಕೆಗೆ ಮೀನಿನ ವಾಸನೆ ತಾಳದೆ ಅವಳು ದಿನವಿಡೀ ಹಿತ್ತಲಲ್ಲಿ ಬಗ್ಗಿ ಕೂತಿರುತ್ತಿದ್ದಳು. ಅಪ್ಪನ ತಾಯಿ, ನನ್ನ ಅಜ್ಜಿ, ಎರಡು ದಿನ ನೋಡಿ, ಮೂರನೆಯ ದಿನ ಊಟದ ಹೊತ್ತಿಗೆ, "ಈ ವರ್ಷ ಬೇಡ. ಮುಂದೆ ಎಷ್ಟು ಬೇಕಾದ್ರೂ ಆಗ್ತವೆ," ಎಂದಳು. ಅಪ್ಪ ಅನ್ನದ ಬಟ್ಟಲು ಕೆಳಗಿಡಲಿಲ್ಲ. ಗಂಡನ ಒಪ್ಪಿಗೆಯಿಲ್ಲದೆ ಆಸ್ಪತ್ರೆಯವರು ತೆಗೆಯುವುದಿಲ್ಲ. ಅಪ್ಪ ಹೋಗಿ ಒಪ್ಪಿಗೆ ಪತ್ರದ ಮೇಲೆ, ಸಹಿಯ ಬದಲು, ತನ್ನ ಮೊಹರು ಒತ್ತಿದ. ಅಮ್ಮ "ಆಯ್ತು" ಎಂದಳು. ಯಾರೂ ಯಾರನ್ನೂ ಬೈಯಲಿಲ್ಲ, ಯಾರೂ ಅಳಲಿಲ್ಲ. ಒಂದು ವಾರದಲ್ಲಿ ಅಮ್ಮ ಮತ್ತೆ ಮೊಟ್ಟೆ ಬಿಡಿಸಲು ಕೂತಳು.

ಆಮೇಲೆ ಅಜ್ಜಿ ಗುಡ್ಡದ ಮೇಲಿನ ಬೌದ್ಧ ದೇವಸ್ಥಾನದಲ್ಲಿ ಒಂದು ಪುಟ್ಟ ಕಲ್ಲಿನ ಜಿಜೊ ಮೂರ್ತಿ ಇಡಿಸಿದಳು. ಹುಟ್ಟದೆ ಹೋದವನ್ನು ನಮ್ಮಲ್ಲಿ ನೀರಿನ ಕೂಸು ಎನ್ನುತ್ತಾರೆ. ಜಿಜೊ ಅವುಗಳ ಕೈಹಿಡಿದು ಹೊಳೆ ದಾಟಿಸುತ್ತಾನಂತೆ. ವರ್ಷಕ್ಕೊಮ್ಮೆ ಅಮ್ಮ ಕೆಂಪು ಬಟ್ಟೆಯಲ್ಲಿ ಜೊಲ್ಲುಬಟ್ಟೆ ಹೊಲಿದು ಆ ಕಲ್ಲಿನ ಕತ್ತಿಗೆ ಕಟ್ಟಿ ಬರಬೇಕು. ಆ ಗುಡ್ಡದ ಮೇಲೆ ಅಂಥ ಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಪಕ್ಕಪಕ್ಕದ ಕಲ್ಲಿಗೆ ಬಟ್ಟೆ ಕಟ್ಟಿದ ಹೆಂಗಸರು ಮೆಟ್ಟಿಲಲ್ಲಿ ಎದುರಾದರೆ ಹವಾಮಾನದ ಮಾತಾಡಿ ಮುಂದೆ ಹೋಗುತ್ತಾರೆ. ಚಿಕ್ಕವಳಿದ್ದಾಗ ನನಗೆ ಜ್ವರ ಬಂದರೆ ಅಜ್ಜಿ ನನ್ನ ಹಣೆ ಮುಟ್ಟಿ ಅಮ್ಮನ ಕಡೆ ತಿರುಗಿ, "ಅದಕ್ಕಿನ್ನೂ ಕೋಪ ಇಳಿದಿಲ್ಲ, ಹೋಗಿ ಕೈ ಮುಗಿದು ಬಾ," ಎನ್ನುತ್ತಿದ್ದಳು. 'ಅದು' ಯಾರೆಂದು ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ. ಅದಿದ್ದಿದ್ದರೆ ನಾನು ಹುಟ್ಟುತ್ತಿದ್ದೆನೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆ ಪ್ರಶ್ನೆಯನ್ನು ಮನೆಯಲ್ಲಿ ಕೇಳುವ ಧೈರ್ಯ ಬಂದಿರಲಿಲ್ಲ.

ಅಜ್ಜಿ ಸತ್ತ ಮರುವರ್ಷ ಅಮ್ಮ ಚರ್ಚಿಗೆ ಮೀನು ಕೊಡಲು ಹೋಗಿದ್ದಳು. ಯಾರೋ ನಮ್ಮ ಅಂಗಡಿಯಿಂದ ಪಾದ್ರಿಗಳಿಗೆ ವರ್ಷಾಂತ್ಯದ ಉಡುಗೊರೆ ಕಳಿಸಿದ್ದರು. ಬಾಗಿಲಲ್ಲೇ ನಿಂತು ಅವಳು ಕುಸಾಕಾರನ್ನು ಕೇಳಿದಳಂತೆ, "ನಿಮ್ಮ ದೇವರು ಸತ್ತ ಮಗುವಿನ ಕೋಪ ಇಳಿಸ್ತಾನಾ?" ಅವರು ಮೀನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ, "ಮಗುಗೆ ಕೋಪ ಇದೆ ಅಂತ ನನಗನ್ನಿಸಲ್ಲ. ಕೋಪ ಇರೋದು ನಿಮಗೆ. ಅದನ್ನ ದೇವರ ಮುಂದೆ ತರ್ಬೋದು," ಎಂದರಂತೆ. ಆ ರಾತ್ರಿ ಅಮ್ಮ ನನಗೆ ಫೋನ್ ಮಾಡಿ, "ಎಂಥ ಸೊಕ್ಕು ನೋಡೇ ಆ ಮೂಗುಸುರುಕನಿಗೆ!" ಎಂದು ಅರ್ಧ ಗಂಟೆ ಬೈದಳು. ಮುಂದಿನ ಭಾನುವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಹೆಸರು ಓದಿಸಿದ ವರ್ಷದ ಈಸ್ಟರಿಗೆ ದೀಕ್ಷಾಸ್ನಾನ ಆಯಿತು.

ದೀಕ್ಷೆಯಾದ ಮೇಲೆ ಕೋಪ ಇಳಿಯುತ್ತದೆ ಎಂದುಕೊಂಡಿದ್ದೆ. ಏರಿತು. ಇಷ್ಟು ವರ್ಷ ಮಗುವಿನ ಕೋಪಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದವಳಿಗೆ ಆ ಹೆದರಿಕೆ ಹೋದ ಮೇಲೆ ತನ್ನ ಕೋಪ ತನಗೆ ಸಿಕ್ಕಿತು.

ಆ ಎರಡು ವಾರ ನಾನು ರಜೆ ಹಾಕಿ ಊರಲ್ಲೇ ಉಳಿದೆ. ಮನೆಯಲ್ಲಿ ದಿನವೂ ಒಂದೇ ಮಾತು. ಅಪ್ಪ ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ಗಂಡು ಮೀನುಗಳ ಹೊಟ್ಟೆ ಸೀಳುತ್ತಿದ್ದ. ನಮ್ಮದು ಸಮುರಾಯಿಗಳ ಊರು. ಮೀನಿನ ಹೊಟ್ಟೆಯನ್ನು ಪೂರ್ತಿ ಸೀಳಿದರೆ ಅವರು ಹೊಟ್ಟೆ ಬಗಿದುಕೊಂಡು ಸಾಯುತ್ತಿದ್ದುದು ನೆನಪಾಗುತ್ತದೆಂದು ಅದು ಇಲ್ಲಿ ಅಪಶಕುನ. ಮೇಲೆ ಒಂದು ಸೀಳು, ಕೆಳಗೆ ಒಂದು ಸೀಳು, ನಡುವೆ ಎರಡು ಬೆರಳಗಲ ಹಾಗೇ ಬಿಡಬೇಕು. ಆಮೇಲೆ ಉಪ್ಪು ತಿಕ್ಕಿ, ಬಾಲಕ್ಕೆ ಹಗ್ಗ ಕಟ್ಟಿ, ತಲೆ ಕೆಳಗಾಗಿ ಸೂರಿಗೆ ತೂಗುಹಾಕಿ ಬಡಗಣ ಗಾಳಿಗೆ ಬಿಡುತ್ತಾರೆ.

"ಅಪ್ಪ, ಹೆಸರು ಯೋಚಿಸಿದ್ರಾ?" ಅಮ್ಮ ಕೇಳುವಳು. ನಾನು ಹುಟ್ಟಿದ ಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ನಾನು ಕರೆಯುವ ಹಾಗೆಯೇ ಕರೆಯುವುದು. ಅವನು ಅಪ್ಪ, ಅವಳು ಅಮ್ಮ.

"ಉಪ್ಪು ಕಡಿಮೆಯಾಗಿದೆ," ಅಪ್ಪ ಹೇಳುವನು.

"ಉಪ್ಪಿನ ವಿಷಯ ಕೇಳಲಿಲ್ಲ."

"ನಾನು ಕ್ರೈಸ್ತ ಅಲ್ಲ."

"ಮೊಹರು ಒತ್ತುವಾಗ ಯಾವ ಧರ್ಮದೋರಾಗಿದ್ರಿ?"

ಅಪ್ಪ ಮತ್ತೊಂದು ಮೀನು ಎತ್ತಿಕೊಳ್ಳುವನು. ಅವನ ಮೌನವನ್ನು ನಾನು ಬಾಲ್ಯದಿಂದ ನೋಡುತ್ತ ಬಂದಿದ್ದೇನೆ. ಅದರೊಳಗೆ ಏನೂ ಇಲ್ಲ, ಬರೀ ಖಾಲಿ ಕೋಣೆ ಎಂದು ಎಂದೋ ತೀರ್ಮಾನಿಸಿಬಿಟ್ಟಿದ್ದೆ.

ಶುಕ್ರವಾರ ಸಂಜೆ ಪಾದ್ರಿಗಳೇ ಬಂದರು, ಒಂದು ಮೀನು ಕೊಳ್ಳುವ ನೆಪದಲ್ಲಿ. ಅಮ್ಮ ಅವರ ಮೇಲೂ ಹರಿಹಾಯ್ದಳು.

"ನೀವು ಬಾಯಿ ತೆರೆದ್ರೆ ಕ್ಷಮೆ ಅಂತೀರ, ಸೆನ್ಸೇ. ದೀಕ್ಷೆ ದಿನವೂ ಅಂದ್ರಿ. ಎಲ್ಲ ತೊಳೆದು ಹೋಯ್ತು ಅಂದ್ರಿ. ಎಲ್ಲಿಗೆ ಹೋಯ್ತು? ಇದೇ ಕೊಟ್ಟಿಗೆಯಲ್ಲಿ, ಇದೇ ಬುಟ್ಟಿ ಮುಂದೆ ನಾನು ಕೂತಿದ್ದೀನಿ."

ಕುಸಾಕಾ ತೂಗುವ ಮೀನುಗಳನ್ನು ನೋಡಿದರು. "ತೊಳೆದು ಹೋಯ್ತು ಅಂತ ನಾನು ತುಂಬಾ ಬೇಗ ಅಂದೆ ಅನ್ಸುತ್ತೆ. ತಪ್ಪಾಯ್ತು. ಕ್ಷಮೆ ಅಂದ್ರೆ ಏನೂ ನಡೆದೇ ಇಲ್ಲ ಅನ್ನೋದಲ್ಲ. ನಡೆದಿದ್ದನ್ನ ನಾವು ಬಾಯಿಬಿಟ್ಟು ಹೇಳಿದ ಮೇಲೂ ಅವನು ನಮ್ಮನ್ನ ಆಚೆಗೆ ತಳ್ಳಲ್ಲ. ಮಗುನ್ನೂ ತಳ್ಳಲ್ಲ. ನನಗೆ ಗೊತ್ತಿರೋದು ಅಷ್ಟೇ."

"ಹಾಗಾದ್ರೆ ಹೇಳೋ ತನಕ?"

"ಹೇಳೋ ತನಕ ಕಾಯ್ತಾನೆ."

"ನಾನೂ ಕಾಯ್ತಾನೇ ಇದೀನಿ," ಅಮ್ಮ ಅಪ್ಪನ ಬೆನ್ನಿಗೆ ಕೇಳುವಂತೆ ಹೇಳಿದಳು. "ದೇವರಿಗೆ ವಯಸ್ಸಾಗಲ್ಲ. ನನಗೆ ಅರವತ್ತೈದು."

ಅಪ್ಪ ಪಾದ್ರಿಗಳಿಗೆ ದಪ್ಪನೆಯ ಮೀನೊಂದನ್ನು ಆರಿಸಿ ಕಾಗದದಲ್ಲಿ ಸುತ್ತಿಕೊಟ್ಟ. ಎರಡೂ ಕೈಯಲ್ಲಿ ಕೊಟ್ಟು ಬಗ್ಗಿ ವಂದಿಸಿದ. ಅಮ್ಮನಿಗೆ ಒಂದು ಮಾತು ಕೊಡದವನ ಆ ವಿನಯ ಅವನ ಮೌನಕ್ಕಿಂತ ಹೆಚ್ಚು ನನ್ನನ್ನು ರೇಗಿಸಿತು.

ಶನಿವಾರ ಬೆಳಿಗ್ಗೆ ಅಮ್ಮ ಅಪ್ಪನ ಕೈಯಿಂದ ಚಾಕು ಕಿತ್ತುಕೊಂಡಳು. ಹಲಗೆಯ ಮೇಲಿದ್ದ ಮೀನನ್ನು ಕಿವಿರಿನಿಂದ ಬಾಲದವರೆಗೆ ಒಂದೇ ಎಳೆತಕ್ಕೆ, ನಡುವೆ ಏನೂ ಬಿಡದೆ ಸೀಳಿಬಿಟ್ಟಳು. ನನ್ನ ಜೀವಮಾನದಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಹಾಗೆ ಸೀಳಿದ ಮೀನನ್ನು ನೋಡಿರಲಿಲ್ಲ.

"ಏನ್ ಮಾಡ್ದೆ ಅಮ್ಮ!" ಅಪ್ಪ ಕಿರುಚಿದ. ಎರಡು ವಾರದಲ್ಲಿ ಅವನ ದನಿ ಏರಿದ್ದು ಅದೇ ಮೊದಲು.

"ಓ, ಕೂಗೋಕೆ ಬರುತ್ತಾ? ಮೀನಿನ ಹೊಟ್ಟೆಗೆ ಇಷ್ಟು ಮರ್ಯಾದೆ ಇದೆ ಈ ಮನೇಲಿ! ಎರಡು ಬೆರಳು ಬಿಡ್ಬೇಕು, ಪಾಪ, ನೋವಾಗುತ್ತೆ, ಅಪಶಕುನ ಆಗುತ್ತೆ. ನನ್ನ ಹೊಟ್ಟೆಗೆ ಎಷ್ಟು ಬೆರಳು ಬಿಟ್ರಿ?"

ಅಪ್ಪ ಸೀಳಿನ ಎರಡು ಅಂಚನ್ನು ಕೈಯಿಂದ ಕೂಡಿಸಿ ಹಿಡಿಯಲು ನೋಡುತ್ತಿದ್ದ. ಅವನ ಬೆರಳುಗಳು ಜಾರುತ್ತಿದ್ದವು. ನನಗೆ ತಡೆಯಲಾಗಲಿಲ್ಲ.

"ಸಾಕು, ಇಬ್ರೂ ನಿಲ್ಲಿಸಿ. ನಾನೇ ಇಡ್ತೀನಿ ಹೆಸರು. ನನ್ನ ಅಕ್ಕನೋ ಅಣ್ಣನೋ ತಾನೇ? ಮಿಚಿರು ಅಂತಿರ್ಲಿ. ಹೋಗಿ ಪಾದ್ರಿಗಳಿಗೆ ಹೇಳಿ ಬರ್ತೀನಿ."

"ಅದಲ್ಲ," ಎಂದ ಅಪ್ಪ.

"ಏನು ಅದಲ್ಲ?"

"ಅದರ ಹೆಸರು ಅದಲ್ಲ."

ಅಮ್ಮ ಚಾಕು ಕೆಳಗಿಟ್ಟಳು. ಅಪ್ಪ ಮೀನಿನ ಕಡೆಗೇ ನೋಡುತ್ತ ಹೇಳಿದ. "ಇಜುಮಿ. ಹುಡುಗ ಆದ್ರೂ ಸರಿ, ಹುಡುಗಿ ಆದ್ರೂ ಸರಿ. ನೀನು ಬಸುರಿ ಅಂತ ಹೇಳಿದ ದಿನ ಬಲೆ ದೋಣೀಲಿದ್ದೆ. ಅಲ್ಲೇ ಇಟ್ಟೆ."

"ಯಾವತ್ತು?" ಅಮ್ಮ ಕೇಳಿದಳು.

"ಹೇಳಿದ್ನಲ್ಲ. ನೀನು ಹೇಳಿದ ದಿನವೇ."

"ಅಂದ್ರೆ ಮೊಹರು ಒತ್ತೋಕೆ ಮುಂಚೆ."

ಅಪ್ಪ ತಲೆಯಾಡಿಸಿದ.

"ಹೆಸರಿಟ್ಟು, ಆಮೇಲೆ ಮೊಹರು ಒತ್ತಿದ್ರಿ."

ಅವನು ಮತ್ತೆ ತಲೆಯಾಡಿಸಿದ. ನಾನು ಖಾಲಿ ಎಂದುಕೊಂಡಿದ್ದ ಕೋಣೆಯಲ್ಲಿ ಇಷ್ಟು ವರ್ಷ ಒಬ್ಬರು ವಾಸವಾಗಿದ್ದರು.

ಹೆಸರು ಸಿಕ್ಕಿತಲ್ಲ, ಅಮ್ಮ ಈಗ ಅಳುತ್ತಾಳೆ, ಮುಗಿಯಿತು ಎಂದುಕೊಂಡೆ. ಅಮ್ಮ ಅಳಲಿಲ್ಲ. ಮೊಟ್ಟೆ ಬಿಡಿಸುವ ತೊಟ್ಟಿಯನ್ನು ಎತ್ತಿ ನೆಲಕ್ಕೆ ಬಡಿದಳು. ನೀರು, ಕೆಂಪು ಮೊಟ್ಟೆ ಕೊಟ್ಟಿಗೆಯ ತುಂಬ ಹರಿದವು.

"ತೊಕುಜಿ!" ಎಂದಳು. ಆ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. "ನಿನ್ನ ಹತ್ರ ಇತ್ತು! ಇಷ್ಟು ವರ್ಷ ನಿನ್ನ ಹತ್ರ ಹೆಸರಿತ್ತು! ನಾನು ಆ ಗುಡ್ಡ ಹತ್ತಿ 'ಅದು' ಅಂತ ಕರೀತಿದ್ದೆ. ಕಲ್ಲಿನ ಕಿವೀಲಿ 'ಅದೇ, ನೀನೇ, ಕ್ಷಮಿಸು' ಅಂತಿದ್ದೆ. ನಾಯಿಮರಿಗಾದ್ರೂ ಹೆಸರಿಟ್ಟು ಕರೀತಾರೆ. ನೀನು ಒಳಗಿಟ್ಕೊಂಡು ಸುಮ್ಮನೆ ಕೂತಿದ್ಯಾ?"

"ಹೇಳಿದ್ರೆ... ಮೊಹರು ಒತ್ತಿದ ಮೇಲೆ ಹೇಳೋ ಯೋಗ್ಯತೆ ನನಗಿಲ್ಲ ಅನ್ನಿಸ್ತು."

"ಇಲ್ಲ! ಇರಲಿಲ್ಲ! ಆದ್ರೂ ಹೇಳ್ಬೇಕಿತ್ತು!"

"ಮಿನೆಕೊ," ಎಂದ ಅಪ್ಪ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮೊಟ್ಟೆಗಳನ್ನು ಬೊಗಸೆಯಲ್ಲಿ ತುಂಬಿಕೊಳ್ಳತೊಡಗಿದ. ಅವು ಅವನ ಕೈಯಲ್ಲಿ ಒಡೆಯುತ್ತಿದ್ದವು. ಅಮ್ಮ, "ಬಿಡು, ನಿನಗೆ ಬರಲ್ಲ," ಎಂದು ಅವನನ್ನು ತಳ್ಳಿ ತಾನೇ ಕೂತಳು.

ಮಧ್ಯಾಹ್ನ ಅಮ್ಮ ನಡೆದೇ ಹೋಗಿ ಹೆಸರು ಕೊಟ್ಟು ಬಂದಳು. ಹೋಗುವ ಮುಂಚೆ ಅಪ್ಪನಿಗೆ ಹೇಳಿದ್ದು ಇಷ್ಟೇ: "ದೇವರು ನಿನ್ನನ್ನ ಕ್ಷಮಿಸಿರ್ಬೋದು. ನಾನಿನ್ನೂ ಇಲ್ಲ. ನಾಳೆ ಹತ್ತೂವರೆಗೆ."

ಅವನು ಬರುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ನಾನೂ ಅಮ್ಮನೂ ಹೊರಡುವಾಗ ಅವನು ಮನೆಯಲ್ಲಿರಲಿಲ್ಲ. ಚರ್ಚಿಗೆ ಹೋಗಿ ನೋಡಿದರೆ ಕೊನೆಯ ಬೆಂಚಿನ ಅಂಚಿನಲ್ಲಿ, ಅಜ್ಜಿಯ ಅಂತ್ಯಕ್ರಿಯೆಗೆ ಹೊಲಿಸಿದ್ದ ಕಪ್ಪು ಸೂಟಿನಲ್ಲಿ, ಕೈಗಳನ್ನು ಮಂಡಿಯ ಮೇಲಿಟ್ಟು ಕೂತಿದ್ದ. ಉಪ್ಪಿನಲ್ಲಿ ಬಿರಿದ ಆ ಕೈಗಳು ಸೂಟಿಗೆ ಹೊಂದುತ್ತಿರಲಿಲ್ಲ. ಅಮ್ಮ ಅವನನ್ನು ನೋಡದೆ ಅವನ ಪಕ್ಕಕ್ಕೇ ಹೋಗಿ ಕೂತಳು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ನಾನು ಅಲ್ಲಿ ಕೂರಲಿಲ್ಲ. ಅಮ್ಮನ ಈಚೆಗೆ ಕೂತೆ.

ಮೇಜಿನ ಮೇಲೆ ಫೋಟೋಗಳಿದ್ದವು. ನಾರುಸೆಯವರ ಹೆಂಡತಿ, ಹಳೆಯ ಪಾದ್ರಿ, ಟೋಪಿ ಹಾಕಿದ ಒಬ್ಬ ಮೀನುಗಾರ. ಕೊನೆಯಲ್ಲಿ, ಒಂದು ಚೌಕಟ್ಟು ನಿಲ್ಲುವಷ್ಟು ಬಿಳಿ ಬಟ್ಟೆ ಖಾಲಿ ಬಿಟ್ಟಿದ್ದರು. ಬಿಟ್ಟವರು ನಾರುಸೆಯವರೇ ಎಂದು ಆಮೇಲೆ ತಿಳಿಯಿತು.

ಕುಸಾಕಾ ಹೆಸರು ಓದತೊಡಗಿದರು. ಒಂದೊಂದು ಹೆಸರಿಗೂ ಬೆಂಚು ಕಿರುಗುಟ್ಟಿತು, ಜನ ಎದ್ದರು, ನಿಂತೇ ಇದ್ದರು. ಕೊನೆಗೆ ಅವರು ಮೂಗು ಒರೆಸಿಕೊಂಡು, ಉಳಿದವರದನ್ನು ಓದಿದಷ್ಟೇ ದನಿಯಲ್ಲಿ, "ಇಜುಮಿ," ಎಂದರು. "ತೊಕುಜಿ ಮತ್ತು ಮಿನೆಕೊ ಅವರ ಮಗು."

ಅಮ್ಮ ಎದ್ದಳು. ನಾನೂ ಎದ್ದೆ. ನನಗೆ ಏಳು ಎಂದು ಯಾರೂ ಹೇಳಿರಲಿಲ್ಲ. ಅಪ್ಪ ಕೂತೇ ಇದ್ದ.

ಕುಸಾಕಾ ಪ್ರಾರ್ಥನೆ ಶುರು ಮಾಡಲಿಲ್ಲ. ಹಾಳೆ ಕೆಳಗಿಟ್ಟು ಸುಮ್ಮನೆ ನಿಂತರು. ಅಂಥ ಮೌನ ನಮ್ಮ ಊರಿನಲ್ಲಿ ನಾನು ಕಂಡಿರಲಿಲ್ಲ. ಮಾತನ್ನು ವಾಪಸು ತೆಗೆದುಕೊಳ್ಳಲಿ ಎಂದು ಅಲ್ಲಿ ಯಾರೂ ಕಾಯುತ್ತಿರಲಿಲ್ಲ. ಅಮ್ಮ ನೇರ ಮುಂದೆ ನೋಡುತ್ತಿದ್ದಳು. ಇನ್ನೊಂದು ಕ್ಷಣವಾದರೆ ತಿರುಗಿ ಬೈಯುತ್ತಾಳೆ ಎನಿಸಿತು. ಆಗ ಅಪ್ಪ ಮುಂದಿನ ಬೆಂಚಿನ ಬೆನ್ನನ್ನು ಹಿಡಿದುಕೊಂಡ. ನದಿಯ ತಣ್ಣೀರಿನಲ್ಲಿ ಹಾಳಾದ ಅವನ ಮಂಡಿ ಒಂದೇ ಸಲಕ್ಕೆ ಏಳಗೊಡಲಿಲ್ಲ. ಎರಡನೆಯ ಸಲಕ್ಕೆ ಎದ್ದ. ಮುಂದಿನ ಸಾಲಿನಲ್ಲೂ ಯಾರೋ ಎದ್ದರು. ಯಾವ ಹೆಸರಿಗೂ ಎದ್ದಿರದ ಒಬ್ಬ ಮುದುಕಿ. ಅವಳ ಮುಖ ನನಗೆ ಕಾಣಲಿಲ್ಲ. ನೋಡಲು ನಾನು ಬಗ್ಗಲೂ ಇಲ್ಲ.

ಪ್ರಾರ್ಥನೆ ಚಿಕ್ಕದಾಗಿತ್ತು. ಈ ಮಕ್ಕಳನ್ನು ನೀನು ಹೆಸರು ಹಿಡಿದು ಬಲ್ಲೆ, ನಾವು ಮಾಡಿದ್ದನ್ನೂ ಬಲ್ಲೆ, ನಮ್ಮನ್ನು ಕ್ಷಮಿಸು, ಒಂದು ದಿನ ಅವರ ಮುಖ ನೋಡಲು ನಮಗೆ ಧೈರ್ಯ ಕೊಡು ಎಂದರು. ಎಲ್ಲರೂ ತಗ್ಗಿದ ದನಿಯಲ್ಲಿ ಆಮೆನ್ ಎಂದರು. ಅಮ್ಮ ಮಾತ್ರ ಗಟ್ಟಿಯಾಗಿ, ಜಗಳದ ಕೊನೆಯ ಮಾತಿನ ಹಾಗೆ ಆಮೆನ್ ಎಂದಳು.

ಎಲ್ಲರೂ ಕೂತರು. ಯಾವಾಗ ಕೂರಬೇಕೆಂದು ತಿಳಿಯದೆ ಅಪ್ಪ ಒಬ್ಬನೇ ನಿಂತಿದ್ದ, ಬೆಂಚನ್ನು ಹಿಡಿದುಕೊಂಡು, ಕೆನ್ನೆ ಒದ್ದೆಯಾಗಿ, ಒರೆಸಿಕೊಳ್ಳದೆ. ಜನ ತಿರುಗಿ ನೋಡತೊಡಗಿದರು. ಅಮ್ಮ ಮುಂದೆ ನೋಡುತ್ತಲೇ ಕೈ ಚಾಚಿ ಅವನ ಕೋಟಿನ ಅಂಚು ಹಿಡಿದು ಜಗ್ಗಿದಳು.

"ಕೂತ್ಕೋ, ತೊಕುಜಿ," ಎಂದಳು. ದನಿಯಲ್ಲಿ ಸಿಟ್ಟು ಹಾಗೇ ಇತ್ತು. ಅವನು ಕೂತ ಮೇಲೂ ಕೋಟಿನ ಅಂಚನ್ನು ಬಿಡಲಿಲ್ಲ.